ಇಸ್ತ್ರಿ ಬಿಸಿ, ಅಜ್ಜಿ ಬಿಸಿ

ಮನೆಯಿಂದ, ನಿಮ್ಮ ಕೋಣೆಯ ಕಿಟಕಿ ಪಕ್ಕ
ಜನವರಿ, ಶನಿವಾರ ಬೆಳಿಗ್ಗೆ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಕಿರಿಸೊಸೆಯ ನಮಸ್ಕಾರ.

ಮೊದಲು ನಿಮ್ಮ ಆರೋಗ್ಯದ ಮಾತು. ಕೆಮ್ಮು ಹೇಗಿದೆ? ಮಂಡಿ ನೋವು? ರಾತ್ರಿ ಕಣ್ಣಿಗೆ ನಿದ್ದೆ ಹತ್ತುತ್ತಿದೆಯೇ? ಭಾವನ ಮನೆಯ ಹೀಟರಿನ ಹತ್ತಿರ ಕೂತು ಕೂತು ನಿಮ್ಮ ಅಂಗೈ ಬಿರಿಯುತ್ತಿದೆ ಅಂತ ಅಕ್ಕ ಹೇಳಿದರು, ಮಲಗುವ ಮುಂಚೆ ಸ್ವಲ್ಪ ಎಣ್ಣೆ ಸವರಿಕೊಳ್ಳಿ. ಫೋನು ಮಾಡಿದರೆ ನೀವು "ಚೆನ್ನಾಗಿದ್ದೀನಿ, ಇಡ್ಲಾ?" ಅಂತೀರಿ. ಅದರಿಂದ ನಾನು ಏನು ತಿಳಿದುಕೊಳ್ಳಲಿ? ಅದಕ್ಕೇ ಈ ಕಾಗದ. ನಿಮ್ಮ ಮಗ ಬಸ್ ಡಿಪೋದ ಯಾವುದೋ ಬಿಡಿಭಾಗ ತರಲು ಇವತ್ತು ನಿಮ್ಮ ಕಡೆಗೇ ಹೊರಟಿದ್ದಾರೆ, ಅವರ ಕೈಲಿ ಕೊಟ್ಟು ಕಳಿಸುತ್ತೇನೆ. ನಿನ್ನೆಯಿಂದ ಎರಡು ಸಲ ಬರೆದು ಹರಿದು ಹಾಕಿದ್ದಾಯಿತು. ಈಗ ಅವರು ಸ್ನಾನ ಮುಗಿಸಿ ಬೂಟು ಹುಡುಕುವಷ್ಟರಲ್ಲಿ ಮುಗಿಸಬೇಕು. ಬೂಟು ಹುಡುಕಲು ಅವರಿಗೆ ಎಷ್ಟು ಹೊತ್ತು ಬೇಕೆಂದು ನಿಮಗೆ ಹೇಳಬೇಕಾಗಿಲ್ಲ, ಹೆತ್ತವರು ನೀವು.

ಈ ಸಲದ ಚಳಿ ಹೇಳತೀರದು. ನಲ್ಲಿಯ ನೀರು ಮುಟ್ಟಿದರೆ ಬೆರಳುಗಳು ನನ್ನವೇ ಹೌದೋ ಅಲ್ಲವೋ ಅನ್ನಿಸುತ್ತದೆ. ಆದರೆ ಬಾದಾಮಿ ಮರ ಮಾತ್ರ ನೋಡುವ ಹಾಗಿದೆ. ನೀವು ಹೋದಾಗ ಎಲೆಗಳು ಇನ್ನೂ ಹಸಿರಾಗಿದ್ದವಲ್ಲ, ಆಮೇಲೆ ಕೆಂಪಾಗುತ್ತ ಬಂದು, ಒಂದು ವಾರ ಮರವೇ ಉರಿಯುತ್ತಿರುವಂತೆ ಕಂಡು, ಈಗ ಹೆಚ್ಚುಕಡಿಮೆ ಎಲ್ಲ ಉದುರಿವೆ. ಎಲೆ ಉದುರಿದ ಮೇಲೆ ನಿಮ್ಮ ಕೋಣೆಯೊಳಗೆ ಬರುವ ಬಿಸಿಲು ಇದೆಯಲ್ಲ ಅತ್ತೆ, ಅದನ್ನು ಇಷ್ಟು ವರ್ಷ ನಾನು ಕಣ್ಣೆತ್ತಿ ನೋಡಿರಲಿಲ್ಲ. ಮೊದಲು ಒಳಗಿನ ಗೋಡೆ ಬೆಳಗುತ್ತದೆ, ಆಮೇಲೆ ನಿಮ್ಮ ದಿಂಬಿನ ಜಾಗಕ್ಕೆ ಇಳಿಯುತ್ತದೆ, ಅಲ್ಲಿಂದ ಕುರ್ಚಿ, ಕುರ್ಚಿಯಿಂದ ನೆಲ, ಕೊನೆಗೆ ಕಿಟಕಿಯ ಕಟ್ಟೆ. ಎದುರುಮನೆಯ ಬೂದು ಬೆಕ್ಕು ಅದರ ಜೊತೆಯಲ್ಲೇ ಜಾಗ ಬದಲಿಸುತ್ತದೆ. ನಾನು ಹೊಲಿಯುತ್ತ ಕೂತರೆ ಬೆನ್ನಿಗೆ ಯಾರೋ ಕೈ ಇಟ್ಟ ಹಾಗೆ ಹಿತವಾಗುತ್ತದೆ. ಪಕ್ಕದ ಮನೆಯ ಕಂಡಕ್ಟರ್ ಮಾಮ ದಿನಾ ಬೆಳಿಗ್ಗೆ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಕಿಟಕಿ ಹತ್ತಿರ ಬಂದು, ಒಳಗೆ ನೀವಿಲ್ಲದೆ ನಾನಿರುವುದು ಕಂಡು, ಟಿಕೇಟು ತಗೊಳ್ಳದೆ ಹತ್ತಿದವಳನ್ನು ನೋಡುವ ಹಾಗೆ ನೋಡಿ ಹೋಗುತ್ತಾರೆ. ನಿವೃತ್ತಿಯಾದರೂ ಅವರ ಆ ನೋಟ ನಿವೃತ್ತಿಯಾಗಿಲ್ಲ.

ಅಂದ ಹಾಗೆ, ಈಗ ನಿಮಗೆ ಗೊತ್ತಾಯಿತು. ಹೌದು, ಮಿಷನ್ನು ನಿಮ್ಮ ಕೋಣೆಗೆ ತಂದಿದ್ದೇನೆ. ಶಾಲೆಯವರು ಚಳಿಗಾಲದ ಕೋಟು ಹೊಲಿಯಲು ಕೊಟ್ಟಿದ್ದಾರೆ. ಎಲ್ಲ ಕಡುನೀಲಿ ಬಟ್ಟೆ, ಕಡುನೀಲಿ ದಾರ. ಮುಂದಿನ ಕೋಣೆಯ ಮಬ್ಬಿನಲ್ಲಿ ಎರಡು ಸಲ ಗುಂಡಿಯ ಕಾಜಾ ತಪ್ಪು ಹೊಲಿದು ಬಿಚ್ಚಿದೆ, ಕಣ್ಣು ಉರಿಯುತ್ತಿತ್ತು. ಅದು ಸುಳ್ಳಲ್ಲ. ಆದರೆ ಮಿಷನ್ನು ಯಾವಾಗ ತಂದೆ ಅಂತ ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ, ಹೇಳದಿದ್ದರೆ ಈ ಕಾಗದವನ್ನೂ ಹರಿಯಬೇಕಾಗುತ್ತದೆ. ನಿಮ್ಮನ್ನು ಬಸ್ಸು ಹತ್ತಿಸಿ ನಿಮ್ಮ ಮಗ ವಾಪಸು ಬರುವಷ್ಟರಲ್ಲಿ ಮಿಷನ್ನು ಒಳಗಿತ್ತು, ನಿಮ್ಮ ಮಂಚ ಮೂಲೆಗೆ ಒರಗಿತ್ತು. ಅವರು ಬಾಗಿಲಲ್ಲಿ ನಿಂತು ನೋಡಿದರು, ಕೈಕಾಲು ತೊಳೆಯಲು ಹೋದರು. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ.

ಇನ್ನು ಬಟ್ಟೆಯ ವಿಷಯ. ನಮ್ಮಿಬ್ಬರ ಜಗಳವೆಲ್ಲ ಅದೇ ತಾನೇ. ಮಡಿಚಿದ ಬಟ್ಟೆ ಕಪಾಟಿನಲ್ಲಿರಬೇಕು ಅನ್ನುವ ಜಾತಿ ನಾನು. ನೀವೋ, ಬೆಳಗಾದರೆ ಸಾಕು, ಮೊಮ್ಮಗಳ ಕಾಲುಚೀಲ ದಿಂಬಿನ ಮೇಲೆ, ಮಗನ ಅಂಗಿ ಕುರ್ಚಿಯ ಬೆನ್ನಿಗೆ, ನನ್ನ ಸ್ವೆಟರು ಕಿಟಕಿಯ ಕಟ್ಟೆಯ ಮೇಲೆ. ಅಳತೆ ಕೊಡಲು ಬಂದ ಹೆಂಗಸರು ಬಾಗಿಲಿನಿಂದಲೇ ಅದನ್ನೆಲ್ಲ ನೋಡುತ್ತಿದ್ದರು, ನನಗೆ ಮೈಯೆಲ್ಲ ಮುದುಡಿದಂತಾಗುತ್ತಿತ್ತು. ಬಟ್ಟೆ ಹೊಲಿಯುವವಳ ಮನೆಯಲ್ಲೇ ಬಟ್ಟೆಗೆ ದಿಕ್ಕಿಲ್ಲ ಅಂದುಕೊಳ್ಳುವುದಿಲ್ಲವೇ? "ಅತ್ತೆ, ಕಪಾಟು ಇರೋದು ಯಾಕೆ, ಇಲಿ ಸಾಕೋಕಾ?" ಅಂತ ಅವರೆದುರಿಗೇ ಅಂದಿದ್ದೇನೆ. ನೀವು ನಗುತ್ತಿದ್ದಿರಿ. ನಾನು ಎಲ್ಲ ಎತ್ತಿ ಮಡಿಚಿಡುವುದು, ಮರುದಿನ ನೀವು ಮತ್ತೆ ತೆಗೆದು ಹರಡುವುದು. ವಯಸ್ಸಾಯಿತು, ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಅಕ್ಕನ ಹತ್ತಿರ ಫೋನಿನಲ್ಲಿ ಹೇಳಿಕೊಂಡಿದ್ದೇನೆ. ಆ ಮಾತನ್ನು ಬರೆಯುವಾಗ ಪೆನ್ನು ಭಾರವಾಗುತ್ತಿದೆ.

ನೀವು ಹೋದ ಮೇಲೆ ಮನೆ ನನ್ನಿಷ್ಟದಂತೆ ಅಚ್ಚುಕಟ್ಟಾಯಿತು. ಎಲ್ಲ ಬಟ್ಟೆಗೂ ಒಂದೊಂದು ಜಾಗ, ಎಲ್ಲ ಜಾಗಕ್ಕೂ ಒಂದೊಂದು ಬಟ್ಟೆ. ಒಂದು ದಿನ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ನಿಮ್ಮ ಮೆಣಸಿನಕಾಯಿ ಮೊಮ್ಮಗಳು ಕಾಲುಚೀಲ ಕೈಲಿ ಹಿಡಿದು ನೆಲದ ಮೇಲೆ ಕೂತುಬಿಟ್ಟಳು. ಹಾಕಿಕೋ ಅಂದರೆ ಒಲ್ಲೆ ಅಂದಳು. ಗದರಿಸಿದೆ. "ಅಜ್ಜಿ ಕೊಡೋದು ಬಿಸಿ ಇರುತ್ತೆ, ನೀನು ಕೊಡೋದು ತಣ್ಣಗಿದೆ" ಅಂದಳು. ನನಗೆ ಅರ್ಥವಾಗಲಿಲ್ಲ. ಬಿಸಿ ತಾನೇ ಬೇಕು ಅಂತ ಮಿಷನ್ನಿನ ಪಕ್ಕದಲ್ಲಿ ಕಾದಿದ್ದ ಇಸ್ತ್ರಿಪೆಟ್ಟಿಗೆ ತೆಗೆದು ಕಾಲುಚೀಲದ ಮೇಲೆ ಎಳೆದೆ. ಹೊಲಿಗೆಯವಳ ಕೈ ನೋಡಿ, ಇಸ್ತ್ರಿ ಬಿಟ್ಟರೆ ಇನ್ನೊಂದು ದಾರಿ ಕಾಣುವುದಿಲ್ಲ. ಮೇಲಿನ ರಬ್ಬರು ಮುದುರಿ ಚಿರುಟಿತು, ಕೋಣೆಯೆಲ್ಲ ಸುಟ್ಟ ವಾಸನೆ. ಅವಳು ಅಳಲೂ ಇಲ್ಲ, ಅದನ್ನೇ ಹಾಕಿಕೊಂಡಳು. ಬಾಗಿಲ ಹತ್ತಿರ ಹೋಗಿ, "ಅಮ್ಮ, ಇದು ಇಸ್ತ್ರಿ ಬಿಸಿ. ಅಜ್ಜಿ ಬಿಸಿ ಬೇರೆ" ಅಂದು ಹೋದಳು. ಮುದುರಿದ ರಬ್ಬರಿನ ಒಂದು ಕಾಲುಚೀಲ ಕೆಳಗೆ ಜಾರಿ ಹಿಮ್ಮಡಿಗೆ ಇಳಿದಿತ್ತು. ಬೀದಿಯ ತಿರುವಿನವರೆಗೂ ಅದನ್ನು ಎಳೆದುಕೊಳ್ಳುತ್ತಲೇ ಹೋದಳು.

ನಾನು ಒಳಗೆ ಬಂದು ಕೂತೆ. ಬಿಸಿಲು ಆಗ ಸರಿಯಾಗಿ ದಿಂಬಿರುತ್ತಿದ್ದ ಜಾಗಕ್ಕೆ ಬಿದ್ದಿತ್ತು. ಅವಳು ಶಾಲೆಗೆ ಹೊರಡುವ ಹೊತ್ತಿಗೆ ದಿಂಬು. ನಿಮ್ಮ ಮಗ ಡಿಪೋಗೆ ಹೊರಡುವ ಹೊತ್ತಿಗೆ ಕುರ್ಚಿ. ನಾನು ಬಟ್ಟೆ ಒಗೆದು, ಪಾತ್ರೆ ತೊಳೆದು, ಕೈ ಮರಗಟ್ಟಿಕೊಂಡು ಒಳಗೆ ಬರುವ ಹೊತ್ತಿಗೆ ಕಿಟಕಿಯ ಕಟ್ಟೆ. ನೀವು ಬಟ್ಟೆ ಹರಡುತ್ತಿರಲಿಲ್ಲ ಅತ್ತೆ, ನಮ್ಮನ್ನು ಒಬ್ಬೊಬ್ಬರನ್ನಾಗಿ ಬಿಸಿಲಿಗೆ ಇಡುತ್ತಿದ್ದಿರಿ. ಮಗಳದ್ದು, ಗಂಡನದ್ದು ಇರಲಿ. ನನ್ನ ಸ್ವೆಟರು. ದಿನಾ ಅದನ್ನು ಕಟ್ಟೆಯ ಮೇಲಿಂದ ಎತ್ತಿಕೊಂಡು "ಇದನ್ನೂ ಇಲ್ಲಿ ತಂದು ಎಸೆದಿದ್ದಾರೆ" ಅಂತ ಗೊಣಗುತ್ತಲೇ ಹಾಕಿಕೊಳ್ಳುತ್ತಿದ್ದೆ. ಗೊಣಗಿ ಮುಗಿಯುವಷ್ಟರಲ್ಲಿ ಚಳಿ ಬಿಟ್ಟಿರುತ್ತಿತ್ತು. ಯಾಕೆ ಬಿಟ್ಟಿತು ಅಂತ ಒಂದು ದಿನವೂ ಯೋಚಿಸಲಿಲ್ಲ.

ಅವತ್ತು ಸಂಜೆ ನಿಮ್ಮ ಮಗನನ್ನು ಕೇಳಿದೆ, ನಿಮಗಾದರೂ ಗೊತ್ತಿರಲಿಲ್ಲವಾ ಅಂತ. ಅವರು ತಟ್ಟೆಯಿಂದ ತಲೆ ಎತ್ತಿ, "ಅಂಗಿ ಅಂದ್ರೆ ಹಾಕ್ಕೊಳ್ಳುವಾಗ ಬೆಚ್ಚಗೇ ಇರುತ್ತೆ ಅಲ್ವಾ, ಚಿಕ್ಕಂದಿನಿಂದ ಹಾಗೇ ಇದೆ" ಅಂದರು. ಎಂಜಿನ್ನು ಬಿಚ್ಚಿ ಜೋಡಿಸುವ ಮನುಷ್ಯ. ಇಷ್ಟು ವರ್ಷ ಅಂಗಿಗೆ ತಾನಾಗಿಯೇ ಬಿಸಿ ಬರುತ್ತದೆ ಅಂದುಕೊಂಡಿದ್ದಾರೆ. ನಗು ಬಂತು, ಅರ್ಧಕ್ಕೇ ನಿಂತುಹೋಯಿತು. ಈಗ ಒಂದು ತಿಂಗಳಿಂದ ತಣ್ಣನೆ ಅಂಗಿ ಹಾಕಿಕೊಂಡು ಹೋಗುತ್ತಿದ್ದಾರಲ್ಲ, ಯಾಕೆ ಹೇಳಲಿಲ್ಲ ಅಂದೆ. "ಅಮ್ಮ ಇಲ್ವಲ್ಲ, ಅದಕ್ಕೇ ಅಂದ್ಕೊಂಡೆ" ಅಂದರು.

ನಾನೂ ಮಾಡಿ ನೋಡಿದೆ. ಮರುದಿನ ಕಾಲುಚೀಲವನ್ನು ಬಿಸಿಲಿಗಿಟ್ಟೆ. ಒಂದು ಕಾಜಾ ಮುಗಿಸಿ ತಿರುಗುವಷ್ಟರಲ್ಲಿ ಬಿಸಿಲು ಮುಂದೆ ಹೋಗಿತ್ತು, ಅದರ ಮೇಲೆ ಬೆಕ್ಕು ಮಲಗಿತ್ತು. ಆ ದಿನ ಮಗಳು "ಇದು ಬೆಕ್ಕಿನ ಬಿಸಿ" ಅಂದಳು. ಅದೂ ಆಗಬಹುದು ಅಂತ ಹಾಕಿಕೊಂಡಳು, ಕಾಲೆಲ್ಲ ಬೆಕ್ಕಿನ ರೋಮ. ಒಬ್ಬರು ಅದಕ್ಕಾಗಿಯೇ ಕೂತಿರಬೇಕು, ಬಿಸಿಲಿನ ಜೊತೆ ಏಳಬೇಕು, ಸರಿಸಬೇಕು, ಮಗುಚಬೇಕು. ಹೊತ್ತು ಹೋಗದೆ ಸುಮ್ಮನೆ ಕೂರುತ್ತೀರಿ ಅಂತ ನಾನು ತಿಳಿದಿದ್ದೆ. ಈಗ ಈ ಕೋಣೆಯಲ್ಲಿ ಹಿತವಾಗಿ ಕೂತು ಹೊಲಿಯುವಾಗಲೆಲ್ಲ, ಪರರ ತಟ್ಟೆಯಲ್ಲಿ ಉಣ್ಣುತ್ತಿರುವ ಹಾಗೆ ನಾಚಿಕೆಯಾಗುತ್ತದೆ. ಉಂಡದ್ದು ರುಚಿಯಾಗಿತ್ತು ಅನ್ನುವುದು ಇನ್ನೂ ಹೆಚ್ಚಿನ ನಾಚಿಕೆ.

ಮೊನ್ನೆ ಅಕ್ಕ ಫೋನು ಮಾಡಿದ್ದರು. ಅವರ ಮನೆಯೊಳಗೆ ಬಿಸಿಲು ಬರುವುದಿಲ್ಲವಂತೆ, ಮೆಟ್ಟಿಲ ತಿರುವಿನ ಕಿಟಕಿಗೆ ಮಾತ್ರ ಬರುತ್ತದಂತೆ. ನೀವು ಕುರ್ಚಿ ಎಳೆದುಕೊಂಡು ಹೋಗಿ ಅಲ್ಲಿ, ಹೋಗಿಬರುವವರ ಕಾಲಡಿಯಲ್ಲಿ ಕೂರುತ್ತೀರಂತೆ. ಮಡಿಲಲ್ಲಿ ಭಾವನ ಅಂಗಿ ಇಟ್ಟುಕೊಂಡು. ಹೀಟರ್ ಇರುವಾಗ ಇದೇನು ಅವತಾರ ಅಂತ ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಯಾವಾಗ ಹೋಗ್ತೀರಿ ಅಂತ ಕೇಳಿದ್ದಕ್ಕೆ ನೀವು, "ಅವಳ ಹೊಲಿಗೆಗೆ ಬೆಳಕು ಬೇಕು, ನಾನು ಹೋದರೆ ಮಿಷನ್ನು ಎಲ್ಲಿಡ್ತಾಳೆ, ಇಲ್ಲೇ ಇರ್ತೀನಿ" ಅಂದಿರಂತೆ. ಭಾವನೂ ಹಾಗೇ ಆಗಲಿ ಅಂದರಂತೆ. ಹಾಗಾದರೆ ನಿಮಗೆ ಮೊದಲೇ ಗೊತ್ತಿತ್ತು. ನಾನು ನಿಮ್ಮ ಕೆಮ್ಮಿನ ಬಗ್ಗೆ ಊರಿಗೆಲ್ಲ ಹೇಳಿ, ಚಳಿಯ ತಲೆಯ ಮೇಲೆ ಗೂಬೆ ಕೂರಿಸಿ ಬ್ಯಾಗು ತುಂಬುವಾಗ ನೀವು ಕೇಳಿದ್ದು ಒಂದೇ ಮಾತು: "ಬಾದಾಮಿ ಎಲೆ ಉದುರಿದ ಮೇಲೆ ಹೋಗಲಾ?" ಆಗ ಚಳಿ ಇನ್ನೂ ಜಾಸ್ತಿ ಅಂದೆ. ನೀವು ತಲೆಯಾಡಿಸಿದಿರಿ. ಅದು ನೆನಪಾದರೆ ಹೊಲಿಯುತ್ತಿರುವ ಕೋಟಿನಲ್ಲೇ ಮುಖ ಹುದುಗಿಸಿಕೊಳ್ಳುವಂತಾಗುತ್ತದೆ.

ಬೂಟು ಸಿಕ್ಕಿತು ಅಂತ ಕಾಣುತ್ತದೆ, ಒಂದೇ ಒಂದು. ನಿಲ್ಲಿಸುತ್ತೇನೆ. ನಿಮ್ಮ ಕೆಮ್ಮಿನ ಔಷಧಿ, ಮಗಳು ಬರೆದ ಬೆಕ್ಕಿನ ಚಿತ್ರ ಜೊತೆಯಲ್ಲಿವೆ. ಚಿತ್ರದಲ್ಲಿ ಬೆಕ್ಕು ಎಲ್ಲಿ ಅಂತ ಹುಡುಕಬೇಡಿ, ಅವಳನ್ನೇ ಕೇಳಬೇಕು. ಚಳಿ ಕಡಿಮೆಯಾದ ಮೇಲೆ ನಿಮಗೆ ಅನುಕೂಲವಾದಾಗ ಬನ್ನಿ. ಭಾವನಿಗೂ ಅಕ್ಕನಿಗೂ ನನ್ನ ನಮಸ್ಕಾರ ಹೇಳಿ. ಉದ್ದ ನಾಲಿಗೆಯವಳನ್ನು ಹೊಟ್ಟೆಗೆ ಹಾಕಿಕೊಳ್ಳಿ, ಮೊಮ್ಮಗಳಿಗಾದರೂ ನಿಮ್ಮ ಆಶೀರ್ವಾದ ಇರಲಿ.

ನಿಮ್ಮ
ಕಿರಿಸೊಸೆ

ಮರೆತ ಮಾತು: ಮೇಲೆ ಬರೆದ "ಅನುಕೂಲವಾದಾಗ" ಅನ್ನುವುದನ್ನು ಹೊಡೆದುಹಾಕಿದ್ದೇನೆ ಅಂತ ತಿಳಿದು ಓದಿ. ಕಾಗದ ಮಡಿಚುವಾಗ ಎದ್ದು ಟೇಪು ತೆಗೆದುಕೊಂಡು ಕೋಣೆ ಅಳೆದೆ. ಬೀದಿಯವರ ಭುಜ, ತೋಳು, ಸೊಂಟ ಎಲ್ಲ ಅಳೆದವಳು ಇದನ್ನು ಇವತ್ತಿನವರೆಗೂ ಅಳೆದಿರಲಿಲ್ಲ. ಮಿಷನ್ನು ಕಿಟಕಿಗೆ, ಮಂಚ ಒಳಗಿನ ಗೋಡೆಗೆ, ನಡುವೆ ನಿಮ್ಮ ಕುರ್ಚಿ ಹಾಕಿದರೂ ಇನ್ನೂ ಒಂದು ಗೇಣು ಉಳಿಯುತ್ತದೆ. ಎರಡಕ್ಕೂ ಮೊದಲಿನಿಂದಲೂ ಜಾಗವಿತ್ತು ಅತ್ತೆ. ಕಂಡಕ್ಟರ್ ಮಾಮನನ್ನು ಕಿಟಕಿಯಿಂದಲೇ ಕೂಗಿ ಕರೆದೆ, ಅವರೂ ನಿಮ್ಮ ಮಗನೂ ಸೇರಿ ಮಂಚ ಮೊದಲಿನ ಜಾಗಕ್ಕೆ ಹಾಕಿದ್ದಾರೆ, ಈಗಷ್ಟೇ. ನಿಮ್ಮನ್ನು ಕಳಿಸಿದ್ದು ಚಳಿಗಾಗಿ ಅಲ್ಲ, ಬಿಸಿಲಿನ ಆಸೆಗೆ. ಬಿಡಿಭಾಗದ ಜೊತೆ ನಿಮ್ಮನ್ನೂ ಕರೆತರಲು ಹೇಳಿ ಕಳಿಸುತ್ತಿದ್ದೇನೆ, ಇವತ್ತೇ ಬ್ಯಾಗು ಹಾಕಿ. ನೀವು ಮರೆತು ಹೋದ ಕಂದು ಶಾಲನ್ನು ಬೆಳಿಗ್ಗೆ ಬಿಸಿಲು ಬಂದಾಗಿನಿಂದ ಅದರ ಜೊತೆಯಲ್ಲೇ ಸರಿಸುತ್ತ, ಮಗುಚುತ್ತ ಬಂದೆ, ಈ ಕಾಗದ ನಡುನಡುವೆ ನಿಂತದ್ದು ಅದಕ್ಕೇ. ಮಡಿಚಿಲ್ಲ, ಸುರುಳಿ ಸುತ್ತಿ ಎರಡು ಟವೆಲ್ಲಿನಲ್ಲಿಟ್ಟು ಕಟ್ಟಿದ್ದೇನೆ. ಅಲ್ಲಿಗೆ ಬರುವಷ್ಟರಲ್ಲಿ ಆರಿಹೋಗಿರುತ್ತದೆ, ಗೊತ್ತು. ಆದರೂ ಹೊದ್ದುಕೊಂಡೇ ಬಸ್ಸು ಹತ್ತಿ.