ಚಂದ್ರ ಕಚ್ಚದಿರಲೆಂದು ಒಂದು ಪಿನ್ನು

ಮಾರ್ಚ್ ೧೩, ಗುರುವಾರ. ಪುಯೆಬ್ಲಾ.

ಗ್ರಹಣ ಹಿಡಿದಾಯಿತು, ನಿದ್ದೆ ಬಿಟ್ಟಾಯಿತು. ಮೇಜಿನ ಮೇಲೆ ಬಿದ್ದಿರುವ ಪಿನ್ನು ಅಲ್ಲಿಂದಲೇ ನನ್ನನ್ನು ಚುಚ್ಚುತ್ತಿದೆ.

ಸಂಜೆ ಅತ್ತೆ ದೊನ್ಯಾ ಕೂಕಾ ಕೆಂಪು ದಾರ ಕಟ್ಟಿದ ಈ ಪಿನ್ನನ್ನು ತಂದು, ತುಂಬುಬಸುರಿಯಾದ ನನ್ನ ಹೆಂಡತಿ ಮಟಿಲ್ಡೆಯ ಸೊಂಟದ ಬಟ್ಟೆಗೆ ಸಿಕ್ಕಿಸಿದರು. ಇಲ್ಲದಿದ್ದರೆ ಗ್ರಹಣದ ಚಂದ್ರ ಮಗುವಿನ ತುಟಿ ಕಚ್ಚುತ್ತಾನಂತೆ. ನಾನು ಸುಮ್ಮನಿರಬೇಕಿತ್ತು. ಹಳಬರು ಮುಕ್ಕಾದ ಚಂದ್ರನನ್ನು ಕಂಡರು, ಸೀಳುತುಟಿಯ ಕೂಸನ್ನು ಕಂಡರು, ಎರಡಕ್ಕೂ ಗಂಟು ಹಾಕಿದರು, ನಂಬಿಕೆ ಹುಟ್ಟಿದ್ದೇ ಹಾಗೆ ಎಂದು ಪಾಠ ಮಾಡಿದೆ.

"ನಂಬಿಕೆ ಹೇಗೆ ಹುಟ್ಟಿತು ಅಂತ ಅಳಿಯಂದಿರಿಗೆ ಗೊತ್ತು. ಮಗು ಹೇಗೆ ಹುಟ್ಟುತ್ತೆ ಅಂತ ಗೊತ್ತಾ?" ಎಂದರು ಅತ್ತೆ.

ಮಟಿಲ್ಡೆ ನಕ್ಕು, ಪಿನ್ನು ಬಿಚ್ಚಿ ನನ್ನ ಕೈಗಿಟ್ಟಳು. "ತಗೊಳ್ಳಿ ಪಂಡಿತರೇ, ನಿಮ್ಮ ಮಾತೇ ನನಗೆ ರಕ್ಷೆ."

ಅದೇ ಮಾತು ಕೊರೆಯುತ್ತಿದೆ. ನಂಬಿಕೆ ಹುಟ್ಟಿದ ಬಗೆ ತಿಳಿದರೂ ಭಯ ಭಯವೇ. ಕಿಟಕಿಯಲ್ಲಿ ಚಂದ್ರ ಅರ್ಧ ಮುಗಿದಿದ್ದಾನೆ.

ಈಗಷ್ಟೇ ಕಳ್ಳನಂತೆ ಹೋಗಿ, ಮಲಗಿದ್ದವಳ ಸೊಂಟ ತಡವಿದೆ. ಅಲ್ಲಿ ಆಗಲೇ ಇನ್ನೊಂದು ಪಿನ್ನಿತ್ತು.

"ನಿಮ್ಮದನ್ನೂ ಸಿಕ್ಕಿಸಿ," ಎಂದಳು ಕಣ್ಣು ತೆರೆಯದೆ. "ಅಮ್ಮನಿಗೆ ಮಾತ್ರ ಹೇಳಬೇಡಿ."

ಸಿಕ್ಕಿಸಿ ಬಂದೆ. ಎರಡು ಸಾಕೇ ಎಂದು ಈಗ ಅತ್ತೆಯನ್ನು ಕೇಳುವ ಹಾಗೂ ಇಲ್ಲ.