ಇಸ್ತ್ರಿಪೆಟ್ಟಿಗೆಯಂಥ ಹಡಗು

ಮನೆ, ಅಡುಗೆಮನೆಯ ಮೇಜು
ಆರನೇ ತಾರೀಖು, ಗುರುವಾರ ಬೆಳಿಗ್ಗೆ

ಮಗನೇ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿ ಕೂರಿಸಿದ್ದೀಯಲ್ಲ, ನಿನಗೆ ಏನು ಹೇಳಬೇಕು? ನಾಲ್ಕನೇ ಕ್ಲಾಸು ಮುಗಿಯುವ ಮೊದಲೇ ನನ್ನಪ್ಪ ನನ್ನನ್ನು ಶಾಲೆ ಬಿಡಿಸಿ ತಗಡಿನಂಗಡಿಯಲ್ಲಿ ಕೂರಿಸಿದ. ಅಲ್ಲಿಂದೀಚೆಗೆ ನಾನು ಬರೆದದ್ದೆಂದರೆ ತಗಡಿನ ಮೇಲೆ ಮೊಳೆಯಿಂದ ಗೀಚಿದ ಅಳತೆಯ ಗೆರೆ ಮಾತ್ರ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ‘ಸಿಗ್ನಲ್ ಇಲ್ಲಪ್ಪ’ ಅನ್ನುತ್ತೀಯ. ಸಿಗ್ನಲ್ ಇಲ್ಲ ಅನ್ನುವ ಮಾತು ಮಾತ್ರ ಗಂಟೆ ಹೊಡೆದ ಹಾಗೆ ಕೇಳಿಸುತ್ತದೆ, ಆಮೇಲೆ ಲೈನು ಹೋಗುತ್ತದೆ. ಮೆಸೇಜು ಒತ್ತೋಣವೆಂದರೆ ನನ್ನ ಬೆರಳು ಒಂದೇ ಸಲಕ್ಕೆ ಮೂರು ಅಕ್ಷರ ಒತ್ತುತ್ತದೆ. ಮೊನ್ನೆ ಮೇಲಿನ ಮನೆಯ ಟೈಲರಮ್ಮನ ಹತ್ತಿರ ನಿನ್ನನ್ನು ಬೈಯುತ್ತ ಕೂತಿದ್ದೆ. ಅವಳಿಗೂ ಸಾಕಾಯಿತು. ‘ಬೈಯೋದಿದ್ರೆ ಬರೆದು ಬೈಯಿರಿ, ನನ್ನ ಕಿವಿ ಯಾಕೆ ತೂತು ಮಾಡ್ತೀರಿ’ ಎಂದು ಅಳತೆ ಪುಸ್ತಕದಿಂದ ಹಾಳೆ ಹರಿದು ಕೊಟ್ಟಳು. ಅದಕ್ಕೇ ಕಾಗದದ ಅಂಚು ಹೀಗೆ ಇಲಿ ತಿಂದ ಹಾಗಿದೆ. ನಿನ್ನ ಕಂಪನಿಯ ಆಫೀಸಿಗೂ ಹೋಗಿ ಕೇಳಿ ಬಂದಿದ್ದೇನೆ. ಹಡಗು ಹದಿನಾಲ್ಕಕ್ಕೆ ಬಂದರು ಮುಟ್ಟುತ್ತದೆ, ಕಾಗದ ಕೊಟ್ಟರೆ ಅಲ್ಲಿ ನಿನ್ನ ಕೈಗೇ ಸೇರಿಸುತ್ತೇವೆ ಎಂದರು. ಸೇರಲಿಲ್ಲ ಅಂತ ಕಥೆ ಕಟ್ಟಬೇಡ.

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ ಇಲ್ಲವಾ? ಎಂಜಿನ್ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೋ ಅಂದರೆ ಚಿಕ್ಕಂದಿನಿಂದಲೂ ನೀನು ಮಾತು ಕೇಳಿದವನಲ್ಲ. ಸೊಂಟದ ನೋವು ಕಡಿಮೆಯಾಗಿದೆಯಾ? ಭಾರ ಎತ್ತುವಾಗ ಮೊಣಕಾಲು ಬಗ್ಗಿಸು, ಬೆನ್ನು ಬಗ್ಗಿಸಬೇಡ. ನನ್ನ ಸಂಗತಿ ಕೇಳುವುದೇ ಬೇಡ. ಸಕ್ಕರೆ ಏರಿದೆ. ಆಸ್ಪತ್ರೆಯ ಡಾಕ್ಟರು ರಕ್ತದ ಚೀಟಿ ನೋಡಿ ‘ಏನ್ ತಾತ, ಮನೇಲಿ ಬೇಕರಿ ಇಟ್ಟಿದ್ದೀರಾ’ ಎಂದು ಗದರಿದ. ಹೌದಪ್ಪ, ಇಟ್ಟಿದ್ದೇವೆ, ಗಿರಾಕಿ ಒಬ್ಬನೇ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಿನಗೆ ಆಗಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಇಲಿಮರಿ ಹೋಗಿ ಐದು ತಿಂಗಳಾಯಿತು. ನಿನ್ನ ಹೆಂಡತಿ ಇವತ್ತಿಗೂ ಬೆಳಿಗ್ಗೆ ಎದ್ದು ಅವಳ ಊಟದ ಡಬ್ಬಿ ಕಟ್ಟುತ್ತಾಳೆ.

ನೀನು ವರ್ಷದಲ್ಲಿ ಹೆಚ್ಚು ದಿನ ನೀರಿನ ಮೇಲೇ ಇದ್ದವನು, ಈ ಡಬ್ಬಿಯ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ನಿನ್ನ ಮಗಳು ಹುಟ್ಟಿದಾಗಿನಿಂದ ಅನ್ನಕ್ಕೆ ವೈರಿ. ತಟ್ಟೆ ಮುಂದಿಟ್ಟರೆ ಅಂಚಿನಲ್ಲಿ ಒಂದಿಷ್ಟು ಕೆರೆದು ಹೊಟ್ಟೆ ತುಂಬಿತು ಅನ್ನುವಳು. ಇಲಿಮರಿ ಅಂತ ನಾನು ಹೆಸರಿಟ್ಟದ್ದು ಅದಕ್ಕೇ. ನಿನ್ನ ಹೆಂಡತಿ ಗದರಿ ನೋಡಿದಳು, ಅತ್ತು ನೋಡಿದಳು, ಕೊನೆಗೆ ಫೋನಿನಲ್ಲಿ ಯಾರೋ ಹೆಂಗಸು ಕರಡಿ ಮುಖದ ಬಿಸ್ಕತ್ತು ಮಾಡುವುದನ್ನು ನೋಡಿ ಮಾಡಿದಳು. ಮೊದಲನೆಯ ಕರಡಿ ಓವನ್ನಿನಿಂದ ಈಚೆ ಬಂದಾಗ ಉಬ್ಬಿ, ಮೂಗು ಕೆನ್ನೆ ಎಲ್ಲ ಒಂದಾಗಿ, ಹಲ್ಲು ನೋವು ಬಂದ ನಮ್ಮ ಕಟಿಂಗ್ ಅಂಗಡಿಯವನ ಹಾಗೆ ಕಾಣುತ್ತಿತ್ತು. ಹುಡುಗಿ ನಕ್ಕಳು, ನಗುತ್ತ ನಗುತ್ತ ಒಂದು ಕಿವಿ ತಿಂದಳು. ಅಷ್ಟೇ ಸಾಕಾಯಿತು ತಾಯಿಗೆ. ಮಾರನೆಯ ದಿನ ನನ್ನ ಮುಂದೆ ಬಂದು ನಿಂತು ‘ಮಾವ, ತಗಡಿನಲ್ಲಿ ಅಚ್ಚು ಮಾಡಿಕೊಡ್ತೀರಾ’ ಎಂದಳು. ಜೀವಮಾನವಿಡೀ ಕೊಳವೆ, ಡಬ್ಬ, ಲಾಂದ್ರ, ಕೊಡದ ತಳ ಮಾಡಿದವನಿಗೆ ಕರಡಿ ಮಾಡಿಕೊಡು ಅಂದರೆ! ಹೋಗಮ್ಮ ಅಂದೆ. ಆಮೇಲೆ ಎಣ್ಣೆ ಡಬ್ಬ ಕತ್ತರಿಸಿ ಮಾಡಿಕೊಟ್ಟೆ. ಕರಡಿ, ಮೊಲ, ಆನೆ, ಮೀನು. ಕೈ ಕೊಯ್ಯದ ಹಾಗೆ ಅಂಚು ಮಡಚಿ ಬೆಸುಗೆ ಹಾಕಿ, ಬಳಸಿದ ಮೇಲೆ ಎಣ್ಣೆ ಒರೆಸಿ ಇಡಬೇಕೆಂದು ಹೇಳಿಕೊಟ್ಟೆ. ಇವತ್ತಿಗೂ ಒಂದರ ಮೇಲೂ ತುಕ್ಕಿಲ್ಲ.

ಬಿಸ್ಕತ್ತು ಆಯಿತು, ಆಮೇಲೆ ನೂಡಲ್ಸು. ಬೇಯಿಸಿದ ಮೊಟ್ಟೆಯ ಬಿಲ್ಲೆ ಎರಡು ಕಣ್ಣು, ಕ್ಯಾರೆಟ್ ಸೀಳು ಬಾಯಿ, ತಲೆ ತುಂಬ ನೂಡಲ್ಸಿನ ಕೂದಲು. ಇದು ಯಾರು ಅಂದರೆ ‘ತಾತ’ ಅನ್ನುವಳು. ನನ್ನ ಬೋಳುತಲೆಗೆ ಆ ಭಾಗ್ಯ ಮೊಮ್ಮಗಳು ಕೊಟ್ಟಳು. ಆಮೇಲೆ ಒಂದೊಂದೇ ಎಳೆ ಹೀರಿ ಮತ್ತೆ ಬೋಳು ಮಾಡಿ ‘ಈಗ ಸರಿಯಾದ್ರಿ’ ಅನ್ನುವಳು. ಅವಳದೊಂದು ಕಟ್ಟಳೆಯಿತ್ತು. ಕಿವಿ ತಿನ್ನುವಳು, ಮೂಗು ತಿನ್ನುವಳು, ಕಣ್ಣು ಮಾತ್ರ ತಿನ್ನುತ್ತಿರಲಿಲ್ಲ. ಬಿಸ್ಕತ್ತಿನ ಸುತ್ತ ಎಲ್ಲ ಕಡಿದು ಒಣದ್ರಾಕ್ಷಿಯ ಕಣ್ಣಿರುವ ಚೂರನ್ನು ನನ್ನ ಕೈಯಲ್ಲಿಡುವಳು. ‘ನಿಂಗೆ ಸರಿಯಾಗಿ ಕಾಣಲ್ಲ ಅಲ್ವಾ ತಾತ, ಕಣ್ಣು ನಿಂಗೆ.’ ಎರಡು ವರ್ಷ ಆ ಹುಡುಗಿಯ ಎಂಜಲು ಒಣದ್ರಾಕ್ಷಿ ತಿಂದಿದ್ದೇನೆ. ಕನ್ನಡಕದ ನಂಬರೇನೂ ಇಳಿಯಲಿಲ್ಲ. ಇಳಿದಿದೆ ಅಂತ ಅವಳ ಹತ್ತಿರ ಸುಳ್ಳು ಹೇಳುತ್ತಿದ್ದೆ.

ಒಂದು ದಿನ ‘ಅಪ್ಪನ ಹಡಗು ಮಾಡು’ ಅಂದಳು. ನಾನು ಹಡಗು ಎಲ್ಲಿ ನೋಡಿದ್ದೇನೆ? ನೀನು ಕಳಿಸಿದ ಫೋಟೊ ನೋಡಿ, ಮುಂದೆ ಚೂಪು, ಹಿಂದೆ ಚಪ್ಪಟೆ, ಮೇಲೊಂದು ಹಿಡಿ ಇಟ್ಟು ಬಗ್ಗಿಸಿದೆ. ಬಿಸ್ಕತ್ತು ಬೆಂದು ಬಂದಾಗ ಅಪ್ಪಟ ಇಸ್ತ್ರಿಪೆಟ್ಟಿಗೆ. ಟೈಲರಮ್ಮ ನೋಡಿ ಬಟ್ಟೆ ತರಲೇ ಅಂದಳು. ಇಲಿಮರಿಗೆ ಮಾತ್ರ ಅದು ಹಡಗೇ. ಶಾಲೆಯಲ್ಲಿ ಟೀಚರು ನಿಮ್ಮಪ್ಪ ಏನು ಮಾಡ್ತಾರೆ ಅಂತ ಕೇಳಿದರೆ ‘ಇಸ್ತ್ರಿಪೆಟ್ಟಿಗೆ ಥರದ ಹಡಗಲ್ಲಿ ಹೋಗಿದ್ದಾರೆ’ ಅಂದಳಂತೆ. ನಿನಗೆ ಇದನ್ನು ಹೇಳಬೇಕು ಹೇಳಬೇಕು ಅಂತಿದ್ದೆವು. ಅಷ್ಟರಲ್ಲಿ ಆ ಜ್ವರ ಬಂತು.

ಜ್ವರದ ಮಾತು ಬರೆಯುವುದಿಲ್ಲ. ನೀನು ವಿಮಾನ ಇಳಿದು ಚೀಲದ ಸಮೇತ ನೇರ ಆಸ್ಪತ್ರೆಗೆ ಬಂದೆ. ಆಗಲೇ ಅವಳಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ನಿನ್ನ ಬೆರಳು ಹಿಡಿದುಕೊಂಡಿದ್ದಳು, ಅದನ್ನು ನೀನೂ ನೋಡಿದೆ, ನಾನೂ ನೋಡಿದೆ.

ಆಮೇಲಿನದ್ದು ಬರೆಯುತ್ತೇನೆ. ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಿನ್ನ ಹೆಂಡತಿ ಒಲೆಯ ಮುಂದೆ ನಿಂತು ನೂಡಲ್ಸು ಬಸಿಯುತ್ತಿದ್ದಳು. ಪಕ್ಕದಲ್ಲಿ ಡಬ್ಬಿ ತೆರೆದಿಟ್ಟಿತ್ತು. ನೀನು ಒಳಗೆ ಬಂದವನು ಅದನ್ನು ನೋಡಿ ಕಿರುಚಿದೆ. ‘ಯಾರಿಗೆ ಮಾಡ್ತಿದ್ದೀಯ ಇದನ್ನ? ಯಾರು ತಿಂತಾರೆ?’ ಅಂದೆ. ಜರಡಿಯಲ್ಲಿ ನೀರು ಸೋರುತ್ತಲೇ ಇತ್ತು. ನೀನು ಆ ವಾರವೇ ಹಡಗಿಗೆ ಹೊರಟೆ. ರಜೆ ಮುಗಿದಿರಲಿಲ್ಲ, ನನಗೆ ಗೊತ್ತು. ಆಫೀಸಿನಲ್ಲಿ ಇನ್ನೂ ಒಂದು ವಿಷಯ ಹೇಳಿದರು. ಒಪ್ಪಂದ ಮುಗಿದರೂ ನೀನು ಇಳಿಯಲು ಒಪ್ಪಲಿಲ್ಲವಂತೆ, ಮುಂದಕ್ಕೆ ಸಹಿ ಹಾಕಿದೆಯಂತೆ. ನಿನ್ನ ಹೆಂಡತಿಗೆ ನಾನು ಇದನ್ನು ಹೇಳಿಲ್ಲ. ಅವಳೇ ಲೆಕ್ಕ ಹಾಕಿಕೊಂಡಿದ್ದಾಳೆ.

ನೀನು ಬಿಟ್ಟುಹೋದ ಆ ಪ್ರಶ್ನೆ ಈ ಅಡುಗೆಮನೆಯಲ್ಲೇ ನಿಂತಿತ್ತು. ನೀನು ಹೋದ ಮಾರನೆಯ ಬೆಳಿಗ್ಗೆಯೂ ಅವಳು ಡಬ್ಬಿ ಕಟ್ಟಿದಳು. ಕಟ್ಟಿ, ಮುಚ್ಚಳ ಹಾಕಿ, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡ. ‘ಇತ್ತ ಕೊಡಮ್ಮ, ನನಗೆ ಹಸಿವಾಗಿದೆ’ ಅಂದು ಕಿತ್ತುಕೊಂಡು ತಿಂದೆ. ಅವತ್ತಿನಿಂದ ದಿನಾ ನಾನೇ ತಿನ್ನುತ್ತಿದ್ದೇನೆ. ಹಲ್ಲಿಲ್ಲದ ಬಾಯಲ್ಲಿ ಆನೆ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಸೊಂಡಿಲಿನಿಂದ ಶುರು ಮಾಡಿ. ಕಣ್ಣು ಕೊನೆಗೆ. ಅವಳು ನೋಡುತ್ತ ಕೂತಿರುತ್ತಾಳೆ. ಮುಗಿದ ಮೇಲೆ ಡಬ್ಬಿ ತೊಳೆಯುತ್ತಾಳೆ. ಯಾರಿಗೆ ಅಂದೆಯಲ್ಲ, ನನಗೆ. ಯಾರು ತಿಂತಾರೆ ಅಂದೆಯಲ್ಲ, ನಾನು. ಆಯಿತಾ?

ಒಂದು ದಿನದ ಡಬ್ಬಿ ಮಾತ್ರ ನನಗೆ ನುಂಗಲಾಗಲಿಲ್ಲ. ಹಿಸುಕಿದ ಆಲೂಗಡ್ಡೆಯಲ್ಲಿ ಮಲಗಿದ ಕರಡಿಮರಿ ಮಾಡುವಳಲ್ಲ, ಕೆಳಗೆ ನೂಡಲ್ಸಿನ ಹಾಸಿಗೆ, ಮೇಲೆ ತೆಳ್ಳಗೆ ಹುಯ್ದ ಮೊಟ್ಟೆಯ ಹೊದಿಕೆ, ಇಲಿಮರಿಗೆ ಬಹಳ ಇಷ್ಟವಾಗಿದ್ದದ್ದು. ಅವತ್ತು ತೆರೆದು ನೋಡುತ್ತೇನೆ, ಹೊದಿಕೆಯನ್ನು ಕರಡಿಯ ಮುಖದ ಮೇಲಕ್ಕೆ ಎಳೆದುಬಿಟ್ಟಿದ್ದಳು. ಏನೂ ಕಾಣದ ಹಾಗೆ. ಬೇಕೆಂದೇ ಮಾಡಿದ್ದೋ, ಕೈ ತಾನಾಗಿ ಎಳೆಯಿತೋ, ಗೊತ್ತಿಲ್ಲ. ನಾನು ಚಮಚದ ತುದಿಯಿಂದ ಹೊದಿಕೆಯನ್ನು ಮೆಲ್ಲಗೆ ಗಲ್ಲದ ತನಕ ಇಳಿಸಿದೆ. ‘ಸೆಖೆಯಾಗುತ್ತಮ್ಮ ಅದಕ್ಕೆ’ ಅಂದೆ. ನಿನ್ನ ಹೆಂಡತಿ ನಲ್ಲಿಯ ಹತ್ತಿರ ಹೋಗಿ ನೀರು ಬಿಟ್ಟು ಬೆನ್ನು ಹಾಕಿ ನಿಂತಳು. ಬಹಳ ಹೊತ್ತು ನೀರು ಹರಿಯಿತು. ನಾನು ನಿಲ್ಲಿಸು ಅನ್ನಲಿಲ್ಲ. ಆಮೇಲೆ ಹೊದಿಕೆ ಗಲ್ಲ ದಾಟಿಲ್ಲ.

ಈಗ ಹೊಸ ಸುದ್ದಿ. ಅವಳ ಅಣ್ಣ, ಆ ಬಸ್ ಡ್ರೈವರು, ಇಪ್ಪತ್ತೈದಕ್ಕೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾನಂತೆ. ಅವರ ಊರಿನ ಪಾತ್ರೆ ಅಂಗಡಿಯಲ್ಲಿ ಅವಳಿಗೆ ಕೆಲಸ ನೋಡಿಟ್ಟಿದ್ದಾನೆ. ನನ್ನನ್ನೂ ಬನ್ನಿ ಅಂದ, ಒಳ್ಳೆಯ ಮನುಷ್ಯ. ಅವಳು ಬರುತ್ತೇನೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಆದರೆ ನಿನ್ನೆ ಅಚ್ಚುಗಳನ್ನೆಲ್ಲ ತೊಳೆದು, ಎಣ್ಣೆ ಒರೆಸಿ, ದಾರದಲ್ಲಿ ಪೋಣಿಸಿ ನನ್ನ ಮುಂದೆ ಇಟ್ಟಳು. ‘ಇವು ನಿಮ್ಮ ಕೈಕೆಲಸ ಮಾವ, ನಿಮ್ಮ ಹತ್ತಿರಾನೇ ಇರಲಿ. ಅವರು ಬರಲ್ಲ’ ಅಂದಳು. ಕೂಗಿ ಹೇಳಿದ್ದರೆ, ಅತ್ತು ಹೇಳಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಹಾಲು ಮುಗಿದಿದೆ ಅನ್ನುವ ಹಾಗೆ ಹೇಳಿದಳು.

ನಿನಗೆ ಈ ಮನೆಗೆ ಕಾಲಿಡಲು ಹೆದರಿಕೆ. ನನಗೆ ಗೊತ್ತಿಲ್ಲವೇನೋ? ಇಲಿಮರಿಯ ಚಪ್ಪಲಿ ಇನ್ನೂ ಬಾಗಿಲ ಹಿಂದೆಯೇ ಇದೆ, ನಾನೂ ಅದನ್ನು ದಾಟಿಕೊಂಡೇ ಹೊರಗೆ ಹೋಗುತ್ತೇನೆ. ಅಲ್ಲಿ ಎಂಜಿನ್ನಿನ ಸದ್ದಿನಲ್ಲಿ ನಿನಗೆ ಏನೂ ಕೇಳಿಸುವುದಿಲ್ಲ, ಅದೇ ಹಿತ ಅನ್ನಿಸಿರಬೇಕು. ಇಲ್ಲಿ ನಾವಿಬ್ಬರೇ. ಗಡಿಯಾರದ ಸದ್ದೂ ಕೇಳಿಸುತ್ತದೆ. ಅವಳು ನಿನ್ನ ಮಗಳನ್ನು ಒಂಬತ್ತು ತಿಂಗಳು ಹೊತ್ತವಳು, ಆರು ವರ್ಷ ತಿನ್ನಿಸಿದವಳು. ಕೈ ಸುಮ್ಮನೆ ನಿಲ್ಲು ಅಂದರೆ ನಿಲ್ಲುತ್ತದಾ? ನೀನು ಅವಳ ಪಕ್ಕ ಕೂತು ಒಂದು ಮೊಲದ ಕಿವಿ ತಿಂದಿದ್ದರೆ ಸಾಕಿತ್ತು. ಬೇರೇನೂ ಮಾಡಬೇಕಾಗಿರಲಿಲ್ಲ.

ಇಷ್ಟೇ. ಕೈ ನೋಯುತ್ತಿದೆ. ಕೊನೆಯಲ್ಲಿ ಒಳ್ಳೆಯದಾಗಲಿ ಅಂತ ಬರೆಯಬೇಕಂತೆ, ಟೈಲರಮ್ಮ ಹೇಳಿದಳು. ಆಗಲಿ. ಮೊದಲು ಮನೆಗೆ ಬಾ, ಆಮೇಲೆ ಒಳ್ಳೆಯದಾಗಲಿ. ಕಿವಿಗೆ ಹತ್ತಿ ಇಟ್ಟುಕೋ.

ನಿನ್ನ ಅಪ್ಪ

ಕವರು ಅಂಟಿಸುವ ಮೊದಲು ಇದೊಂದು. ಟೈಲರಮ್ಮ ನಿನ್ನ ಆಫೀಸಿನ ಕಡೆಗೇ ಹೊರಟಿದ್ದಾಳೆ, ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ನಿನಗೆ ಒಂದು ವಿಷಯ ಗೊತ್ತಿಲ್ಲ. ಬಿಸ್ಕತ್ತು ಮಾಡಿದಾಗಲೆಲ್ಲ ಇಲಿಮರಿ ಒಂದು ಹಡಗನ್ನು ಅಪ್ಪನಿಗೆ ಅಂತ ಹಾಲಿನ ಪುಡಿಯ ಡಬ್ಬದಲ್ಲಿ ಎತ್ತಿಡುತ್ತಿದ್ದಳು. ಒಂದು ಸಲ ಇರುವೆ ಹೊಕ್ಕಿತು ಅಂತ ಅತ್ತು ರಂಪ ಮಾಡಿದಳು. ಅವನ್ನೆಲ್ಲ ಚೆಲ್ಲಿ ಹೊಸದು ಮಾಡಿಸಿ ತುಂಬಿದಳು. ‘ಮುಚ್ಚಿಬಿಡು ತಾತ, ಅಪ್ಪ ಬರೋ ತನಕ ಯಾರೂ ತೆಗೀಬಾರದು’ ಅಂದಳು. ನಾನು ತಗಡಿನವನು, ನನಗೆ ಮುಚ್ಚುವುದು ಅಂದರೆ ಬೆಸುಗೆ. ಒಳಗಿನದು ಕರಕಾಗದಿರಲಿ ಎಂದು ಡಬ್ಬಕ್ಕೆ ಒದ್ದೆ ಬಟ್ಟೆ ಸುತ್ತಿ, ಮುಚ್ಚಳದ ಸುತ್ತ ಬೆಸುಗೆ ಹಾಕಿಬಿಟ್ಟೆ. ಆ ವಾರವೇ ಜ್ವರ ಬಂತು. ಆಮೇಲೆ ಡಬ್ಬದ ಮಾತೆತ್ತಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ನಿನ್ನೆ ಅಚ್ಚು ಪೋಣಿಸಿಟ್ಟ ಮೇಲೆ ನಿನ್ನ ಹೆಂಡತಿ ಅದನ್ನು ಅಟ್ಟದಿಂದ ಇಳಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಲೊಟಲೊಟ ಅಂದಿತು. ಮೇಜಿನ ಮೇಲೆ ನಿನ್ನ ಕುರ್ಚಿಯ ಎದುರಿಗೆ ಇಟ್ಟು ಹೋದಳು. ಈಗಲೂ ಅಲ್ಲೇ ಇದೆ, ಅದರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ನಾನು ಹಾಕಿದ ಬೆಸುಗೆಯನ್ನು ಬೇರೆಯವರು ಬಿಚ್ಚಿದರೆ ಒಳಗಿನದೆಲ್ಲ ಪುಡಿಯಾಗುತ್ತದೆ, ನನಗೋ ಈಗ ಕೈ ನಡುಗುತ್ತಿದೆ. ಡಬ್ಬ ಹಿಡಿದುಕೊಳ್ಳಲು ಎದುರಿಗೆ ಒಬ್ಬರು ಬೇಕು. ಅದು ನೀನೇ ಆಗಬೇಕು.

ಡಬ್ಬದೊಳಗಿನ ಎಲ್ಲ ಹಡಗಿಗೂ ಇಲಿಮರಿ ಒಣದ್ರಾಕ್ಷಿಯ ಕಣ್ಣು ಇಟ್ಟಿದ್ದಾಳೆ. ಹಡಗಿಗೆ ಯಾಕೆ ಕಣ್ಣು ಅಂದರೆ ‘ಇಲ್ಲದಿದ್ರೆ ಅಪ್ಪ ದಾರಿ ತಪ್ಪಿ ಬೇರೆಯವರ ಮನೆಗೆ ಹೋಗಿಬಿಡ್ತಾರೆ’ ಅಂದಿದ್ದಳು. ಆ ಕಣ್ಣುಗಳನ್ನು ನಾನು ತಿಂದಿಲ್ಲ.

ಬರುತ್ತೀಯೋ ಇಲ್ಲವೋ, ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.