ಕಾಡು ತೋರಿಸಿದ ಉಪಕಾರಕ್ಕೆ

ಸೋಮವಾರ, ಬೆಳಿಗ್ಗೆ

ಪ್ರೀತಿಯ ನಿಮಗೆ,

ಪ್ರೀತಿ ಎಂದು ಬರೆದದ್ದು ಕೈಯ ಅಭ್ಯಾಸ, ಅದಕ್ಕೆ ಬೇರೆ ಅರ್ಥ ಹಚ್ಚಬೇಡಿ. ನೀವು ಮನೆ ಬಿಟ್ಟು ಹೋಗುವಾಗ, ಆಸ್ಪತ್ರೆಯ ರೋಗಿಗಳಿಗಾಗಿ ಚಿತ್ರೀಕರಿಸಿದ ಕಾಡನ್ನು ವಿಆರ್ ಕನ್ನಡಕದಲ್ಲಿ ತುಂಬಿ ನನ್ನ ಕೈಗಿಟ್ಟಿರಿ. ದಿನಾ ಸ್ವಲ್ಪ ಹೊತ್ತು ನೋಡು, ತಲೆ ತಣ್ಣಗಾಗುತ್ತದೆ ಎಂದಿರಿ. ನೀವೇ ಗೊತ್ತುಮಾಡಿದ ಆಪ್ತಸಮಾಲೋಚಕಿಯೂ ಅದನ್ನೇ ಹೇಳಿದಳು. ನನಗೆ ಅನುಮಾನದ ಕಾಯಿಲೆ ಎಂದು ಇಬ್ಬರೂ ಸೇರಿ ನನ್ನ ಅಣ್ಣನನ್ನೂ ನಂಬಿಸಿದಿರಿ. ಕಾಯಿಲೆಯವಳ ಬಳಿ ಮಗಳನ್ನು ಬಿಡಲಾಗದು ಎಂದು ವಿಚ್ಛೇದನದ ಅರ್ಜಿಯಲ್ಲಿ ಬರೆಸಿದ್ದೂ ಆಯಿತು.

ಸುಳ್ಳೇಕೆ ಹೇಳಲಿ, ಗುಣ ಕಂಡಿತು. ಇಡೀ ದಿನ ಪಕ್ಕದ ಕಟ್ಟಡದ ಗೋಡೆ ನೋಡುತ್ತಾ ಕೂರುವವಳಿಗೆ ಆ ತೊರೆ, ಆ ಪಾಚಿ ಹಿಡಿದ ಕಲ್ಲು, ನೆತ್ತಿಯ ಮೇಲೆ ಅಲ್ಲಾಡುವ ಎಲೆಗಳು! ಎದೆ ಡವಗುಟ್ಟುವುದು ನಿಂತಿತು. ಮಾತ್ರೆಯಿಲ್ಲದೆ ನಿದ್ದೆ ಬಂತು. ಮಗಳ ಜಡೆಯನ್ನು ಒಂದೇ ಸಲಕ್ಕೆ ಓರಣವಾಗಿ ಹೆಣೆದೆ.

ಹಿತವಾಗಿತ್ತೆಂದೇ ಗುರುವಾರ ಕನ್ನಡಕ ತೆಗೆಯದೆ ಚಿತ್ರದ ಕೊನೆಯತನಕ ಹಾಗೇ ಕುಳಿತುಬಿಟ್ಟೆ. ನಿಮ್ಮ ಕ್ಯಾಮೆರಾ ಸುತ್ತಲೂ ನೋಡುತ್ತದೆ, ಚಿತ್ರೀಕರಣ ಮುಗಿಯುವತನಕ ಬಂಡೆಯ ಹಿಂದೆ ಅಡಗಿರಬೇಕು ಎಂದು ಜಂಬ ಕೊಚ್ಚುತ್ತಿದ್ದಿರಲ್ಲ? ಕ್ಯಾಮೆರಾ ನಿಂತಿತೆಂದುಕೊಂಡು ಹೊರಗೆ ಬಂದಿದ್ದೀರಿ. ಬೆನ್ನ ಹಿಂದೆ ದನಿ ಕೇಳಿ ತಿರುಗಿದೆ. ಮಾರು ದೂರದಲ್ಲಿ ನೀವು. ನಿಮ್ಮ ಹೆಗಲಿಗೆ ಒರಗಿಕೊಂಡು ನನ್ನ ಆಪ್ತಸಮಾಲೋಚಕಿ.

"ಅವಳಿಗೆ ಕಾಯಿಲೆ ಅಂತ ನಾನು ಬರ್ಕೊಡ್ತೀನಿ. ಮಗು ನಿನ್ನ ಹತ್ರಾನೇ ಉಳಿಯುತ್ತೆ, ಸುಮ್ನಿರು" ಎಂದಳು. ನನ್ನೆದುರು ನಿಮ್ಮನ್ನು ಸಾರ್ ಎನ್ನುವವಳು. ನೀವು ನಕ್ಕಿರಿ.

ನಾನು ಅಳಲಿಲ್ಲ. ನಿಮ್ಮ ಕಾಡು ಅಷ್ಟು ಆರೋಗ್ಯ ಕೊಟ್ಟಿತ್ತು. ಆದರೆ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತಿದೆ. ನನ್ನನ್ನು ಹುಚ್ಚಿ ಮಾಡಿ ಮಗಳನ್ನು ಕಿತ್ತುಕೊಳ್ಳಲು ಹೊರಟವರನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಬೇಕಾಗಿಯೂ ಇಲ್ಲ.

ಇವತ್ತು ಆಸ್ಪತ್ರೆಯಲ್ಲಿ ನಿಮ್ಮ ಕಾಡಿನ ಪ್ರದರ್ಶನಕ್ಕೆ ಕನ್ನಡಕ ಬೇಕೆಂದು ಹೇಳಿಕಳಿಸಿದ್ದಿರಿ. ಒರೆಸಿ, ಚಾರ್ಜ್ ಮಾಡಿ, ಪೆಟ್ಟಿಗೆಗೆ ಹಾಕಿದ್ದೇನೆ. ಈ ಪತ್ರ ಅದರ ತಳದಲ್ಲಿದೆ. ಕನ್ನಡಕವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದ ಮೇಲೆಯೇ ಇದು ನಿಮ್ಮ ಕೈಗೆ ಸಿಗುತ್ತದೆ.

ಇಂತಿ,
ನಿಮ್ಮ ಅನುಮಾನದ ಪಿಶಾಚಿ

ತಾ.ಕ.: ಆಸ್ಪತ್ರೆಯವರೆಲ್ಲರ ಮುಂದೆ ಕನ್ನಡಕವನ್ನು ಮೊದಲು ಹಾಕಿಕೊಳ್ಳುವುದು ಆ ಆಪ್ತಸಮಾಲೋಚಕಿಯೇ ಅಲ್ಲವೇ? ಆಕೆ ನೋಡುವುದೆಲ್ಲ ಗೋಡೆಯ ಪರದೆಯ ಮೇಲೂ ಮೂಡುತ್ತದಂತೆ. ಚಿತ್ರವನ್ನು ತೊರೆಯನ್ನೆಲ್ಲ ದಾಟಿಸಿ, ನೀವಿಬ್ಬರೂ ಬಂಡೆಯ ಹಿಂದಿನಿಂದ ಹೊರಗೆ ಬರುವಲ್ಲಿಗೆ ತಂದು ನಿಲ್ಲಿಸಿದ್ದೇನೆ. ತನ್ನದೇ ದನಿ ಕೇಳಿದರೆ ತಿರುಗಿ ನೋಡದೆ ಇರುತ್ತಾಳೆಯೇ? ಎರಡನೇ ಸಾಲಿನಲ್ಲಿ ನನ್ನ ಅಣ್ಣ ಕುಳಿತಿದ್ದಾನೆ. ಅವನ ಪಕ್ಕದಲ್ಲಿರುವವರು ನನ್ನ ವಕೀಲರು.